ನಿನ್ನ ಏಳನೇ ದೃಶ್ಯದ ಬಗ್ಗೆ

ಪ್ರೀತಿಯ ತಮ್ಮಾ,

ನಿನ್ನ ವಿಡಿಯೋ ಗೇಮ್‌ನ ಕಥೆಯನ್ನು ಎರಡು ಸಲ ಓದಿದೆ. ಸಂಭಾಷಣೆ ಎಷ್ಟುದ್ದ ಇರಬೇಕು, ಯಾವ ಸಾಫ್ಟ್‌ವೇರ್‌ನಲ್ಲಿ ಬರೆಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ನೀನೇ ಕಲಿಯುತ್ತೀಯ, ಬಿಡು. ನನ್ನ ತಲೆಯಲ್ಲಿ ಕೂತಿರುವುದು ಏಳನೇ ದೃಶ್ಯ.

ನಾಯಕಿಯ ತಂಗಿಗೆ ವಿಷಮ ಜ್ವರ. ಬೆಳಗಾಗುವುದರೊಳಗೆ ಔಷಧಿ ಬೇಕು. ಊರಲ್ಲಿ ಉಳಿದಿರುವುದು ಒಂದೇ ಸೀಸೆ, ಅದೂ ಪಕ್ಕದ ಮನೆಯಲ್ಲಿ. ಅಲ್ಲೂ ಒಂದು ಮಗು ಅದೇ ಜ್ವರದಲ್ಲಿ ಮಲಗಿದೆ. ಕದಿಯಬೇಕು, ಇಲ್ಲವೇ ಘಟ್ಟ ಇಳಿದು ಪೇಟೆಯಿಂದ ತರಬೇಕು. ಓದುತ್ತಾ ನನ್ನ ಎದೆ ಹೊಡೆದುಕೊಂಡಿತು ಕಣೋ. ಅಷ್ಟರಲ್ಲಿ ಕೆಳಗಿನ ನಿನ್ನ ಟಿಪ್ಪಣಿ ಕಂಡಿತು: 'ಎಷ್ಟು ಹೊತ್ತಾದರೂ ತಂಗಿ ಬದುಕಿರುತ್ತಾಳೆ.'

ಯಾಕೋ ಹೀಗೆ ಮಾಡಿದೆ? ಪೇಟೆಗೆ ಹೋಗಿ, ದಾರಿಯಲ್ಲಿ ಮೀನು ಹಿಡಿದು, ಮೂರು ದಿನ ಬಿಟ್ಟು ಬಂದರೂ ಏನೂ ಆಗುವುದಿಲ್ಲ ಅಂದರೆ ಕದಿಯಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಕೈ ಆ ಸೀಸೆಯ ಕಡೆ ತಾನಾಗಿ ಹೋಗಬೇಕು. ಹೊತ್ತು ನಿಜವಾಗಿ ಕಳೆದರೆ ಮಾತ್ರ ಹೋಗುತ್ತದೆ.

ದೊಡ್ಡ ಆಟಗಳೂ ಇಲ್ಲಿ ಎಡವಿವೆ. 2015ರ 'ಫಾಲ್‌ಔಟ್ 4'ರಲ್ಲಿ ಕಣ್ಣೆದುರೇ ಮಗುವನ್ನು ಹೊತ್ತೊಯ್ಯುತ್ತಾರೆ. ನಾನು ಆ ಮಗನನ್ನು ಬಿಟ್ಟು ವಾರಗಟ್ಟಲೆ ಮನೆ ಕಟ್ಟುತ್ತಾ ಕೂತಿದ್ದೆ. ಕಥೆ ನನ್ನನ್ನು ಏನೂ ಕೇಳಲಿಲ್ಲ. ಅದೇ ಸರಣಿಯ ಮೊದಲ ಆಟ, 1997ರದ್ದು, ಆಡಿದ್ದೀಯಾ? ನೆಲದಡಿಯ ನಿನ್ನ ಊರಲ್ಲಿ ನೀರು ಶುದ್ಧ ಮಾಡುವ ಯಂತ್ರದ ಚಿಪ್ ಕೆಟ್ಟಿದೆ. 150 ದಿನದಲ್ಲಿ ಬೇರೆ ತರದಿದ್ದರೆ ಆಟವೇ ಮುಗಿಯುತ್ತದೆ. ಆ ಚಿಪ್ ಸಿಗುವುದು ನೆಕ್ರೊಪೊಲಿಸ್ ಅನ್ನುವ ಹಾಳೂರಿನಲ್ಲಿ. ವಿಕಿರಣಕ್ಕೆ ಮೈ ಸುಟ್ಟುಹೋದ ಜನ ಅಲ್ಲಿ ಆ ಚಿಪ್‌ನಿಂದ ಸಿಗುವ ನೀರನ್ನೇ ನಂಬಿ ಬದುಕಿದ್ದಾರೆ. ಅವರ ಕೆಟ್ಟುಹೋದ ನೀರಿನ ಪಂಪ್ ರಿಪೇರಿ ಮಾಡಿಕೊಟ್ಟು ಚಿಪ್ ಒಯ್ಯಬಹುದು, ಅದಕ್ಕೆ ಸಾಮಾನು ಹುಡುಕಬೇಕು. ಸುಮ್ನೆ ಕಿತ್ತುಕೊಂಡು ಓಡಲೂಬಹುದು. ಉಳಿದ ದಿನಗಳ ಲೆಕ್ಕ ನೋಡಿಕೊಂಡು ನಾನು ಆ ಪಂಪ್ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಇಷ್ಟು ಗದರಲು ಕಾರಣ ಇದೆ. ಒಂದು ಕಂಪನಿಗೆ ನಾನೂ ಇಂಥದ್ದೇ ಕಥೆ ಬರೆದಿದ್ದೆ. ಮಂಚದಲ್ಲಿ ಒಬ್ಬ ಮುದುಕ, ಮೂರು ರಾತ್ರಿಯ ಗಡುವು. ಪರೀಕ್ಷೆಗೆ ಆಡಿದವರಿಗೆ ಟೆನ್ಷನ್ ಜಾಸ್ತಿ ಆಯ್ತಂತೆ, ಗಡುವು ತೆಗೆಯಿರಿ ಅಂದರು. ನಾನು ಒಂದು ಮಾತೂ ಆಡದೆ ತೆಗೆದೆ. 'ಬೇಗ ಬಾರಮ್ಮ' ಅನ್ನುವ ಅವನ ಮಾತು ಮಾತ್ರ ಹಾಗೇ ಉಳಿಯಿತು. ಆಮೇಲೆ ಒಬ್ಬಳು ಹುಡುಗಿ ಅದನ್ನು ಆಡುವಾಗ ಪಕ್ಕದಲ್ಲಿದ್ದೆ. ಸಂತೆಯಲ್ಲಿ ಒಂದೊಂದೇ ಟೋಪಿ ಹಾಕಿ ನೋಡುತ್ತಾ, 'ಈ ತಾತ ಸಾಯಲ್ಲ ಅಲ್ವಾ?' ಅಂದಳು. ಇವತ್ತಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ನಿನ್ನನ್ನೂ ಗಡುವು ತೆಗೆ ಅನ್ನುತ್ತಾರೆ. ಜಗಳ ಆಡು. ಬೇಕಾದರೆ ನನ್ನನ್ನು ಕರೆ, ಬರುತ್ತೇನೆ.

ಎಂಟನೇ ದೃಶ್ಯ ಈಗ ಬೇಡ. ಏಳನೆಯದನ್ನೇ ಮತ್ತೆ ಬರೆದು ಕಳಿಸು. ಸೀಸೆ ಕದ್ದರೆ ಬೆಳಿಗ್ಗೆ ಪಕ್ಕದ ಮನೆಯ ತಾಯಿ ಬಾಗಿಲಿಗೆ ಬರುತ್ತಾಳಲ್ಲ, ಅವಳ ಮಾತು ನಿನ್ನ ಕರಡಿನಲ್ಲಿ ಎಲ್ಲೂ ಇಲ್ಲ. ಅದನ್ನು ಮೊದಲು ಬರೆ.

ಪ್ರೀತಿಯಿಂದ,
ನಿನ್ನ ಅಕ್ಕ