ಮಾವನ ಶ್ರುತಿಪೆಟ್ಟಿಗೆಗೆ ಮೊದಲ ನಮಸ್ಕಾರ

ಮೊನ್ನೆ ಮಂಗಳವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪಾಸು. ಪೆರ್ಲದ ಮನೆಗೆ ಫೋನು ಮಾಡಿದರೆ ಅಮ್ಮ ಮೊದಲು ಕೇಳಿದ್ದು, "ಊಟ ಆಯ್ತಾ?" ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅಡಿಕೆ ಸುಲಿಯುವ ಸದ್ದೂ ನಿಂತಿತ್ತು.

ಏಳು ವರ್ಷ ಊರಿನವರು ಕೇಳಿದ್ದು ಒಂದೇ. "ಎಂಥ ಮಾರಾಯಾ, ನಿನ್ನ ನಕ್ಷತ್ರ ಇನ್ನೂ ತಿರುಗಿ ಮುಗಿಯಲಿಲ್ವಾ?" ಅವರಿಗೆಲ್ಲ ಒಂದು ಉತ್ತರ ಬಾಕಿ ಇದೆ.

ನಕ್ಷತ್ರದ ಹೊಟ್ಟೆಯೊಳಗೆ ಇಣುಕಲು ಆಗುವುದಿಲ್ಲ. ಆದರೆ ಅದು ಸುಮ್ನೆ ಕೂರುವುದೂ ಇಲ್ಲ. ಒಳಗೊಳಗೇ ಮಿಡಿಯುತ್ತದೆ, ಬೆಳಕು ಚೂರೇ ಚೂರು ಏರಿಳಿಯುತ್ತದೆ. ನಾನು ಹುಡುಕುವ ಬಗೆಯ ಮಿಡಿತಕ್ಕೆ, ನಕ್ಷತ್ರ ತಿರುಗದಿದ್ದರೆ ಒಂದೇ ಆವೃತ್ತಿ, ಒಂದೇ ಸ್ವರ ಅನ್ನಿ. ತಿರುಗಿದರೆ ಅದೇ ಸ್ವರ ಮೂರಾಗಿ ಒಡೆಯುತ್ತದೆ. ನಡುವಿನ ಅಂತರ ಅಳೆದರೆ ಒಳಗಿನ ವೇಗ ಸಿಗುತ್ತದೆ. ನನ್ನವು ಕೆಂಪು ದೈತ್ಯಗಳು, ಮುದಿಯಾಗಿ ಊದಿಕೊಂಡವು. ಇಂಥ ಕೆಲವು ನಕ್ಷತ್ರಗಳ ತಿರುಳು ಮೇಲ್ಮೈಗಿಂತ ಕನಿಷ್ಠ 10 ಪಟ್ಟು ಜೋರಾಗಿ ಸುತ್ತುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ತಮಾಷೆ ಅಂದರೆ, ಲೆಕ್ಕದ ಪ್ರಕಾರ ಅದು ಇನ್ನೂ ಎಷ್ಟೋ ಜಾಸ್ತಿ ಸುತ್ತಬೇಕಿತ್ತು. ಒಳಗೆ ಯಾವುದೋ ಬ್ರೇಕು ಹಾಕುತ್ತಿದೆ. ಯಾವುದು ಅಂತ ಜಗಳ ಇನ್ನೂ ಮುಗಿದಿಲ್ಲ.

ಮೂರನೇ ವರ್ಷ ಲಾಕ್‌ಡೌನಿನಲ್ಲಿ ಮನೆಯಲ್ಲಿದ್ದೆ. ಹಳೇ ಲ್ಯಾಪ್‌ಟಾಪು, ಮಳೆ ಬಂದರೆ ಕರೆಂಟಿಲ್ಲ. ಕೆಪ್ಲರ್ ಎಂಬ ಬಾಹ್ಯಾಕಾಶ ದೂರದರ್ಶಕ 2009ರಿಂದ 2013ರವರೆಗೆ ಆಕಾಶದ ಒಂದೇ ತುಂಡನ್ನು ನೋಡುತ್ತ, ಸುಮಾರು ಅರ್ಧ ಗಂಟೆಗೊಮ್ಮೆ ಬೆಳಕು ಅಳೆದಿತ್ತು. ನಾನು ಬೇಗ ಆಗಲಿ ಅಂತ ಅದರಲ್ಲಿ ಮೂರು ತಿಂಗಳದ್ದು ಮಾತ್ರ ತೆಗೆದುಕೊಂಡೆ. ಒಂದೇ ಸ್ವರ ಕಂಡಿತು. "ತಿರುಳು ಬಹಳ ನಿಧಾನ" ಎಂದು ಒಂದು ಇಡೀ ಅಧ್ಯಾಯ ಬರೆದೆ. ತಿರುಗುವ ನಕ್ಷತ್ರವನ್ನು ನೆತ್ತಿಯ, ಅಂದರೆ ಧ್ರುವದ ಕಡೆಯಿಂದ ನೋಡಿದರೂ ಮೂರರಲ್ಲಿ ನಡುವಿನ ಸ್ವರವೊಂದೇ ಕಾಣುತ್ತದೆ, ಅದೂ ಇರಬಹುದು ಅಂತ ಸಮಾಧಾನ ಬೇರೆ.

ಒಂದು ಸಂಜೆ ಮಾವ ಜಗಲಿಯಲ್ಲಿ ಮದ್ದಳೆ ಪಕ್ಕಕ್ಕಿಟ್ಟು ಎರಡು ಶ್ರುತಿಪೆಟ್ಟಿಗೆ ಒಟ್ಟಿಗೆ ಹಾಕಿದ್ದರು. "ಎರಡೂ ಒಂದೇ ಅಲ್ವಾ ಮಾವ?" ಅಂದೆ. "ತಡಿ" ಅಂದರು. ಕಾದೆ. ನಾದ ಮೆಲ್ಲ ತುಂಬಿತು, ಮೆಲ್ಲ ತಗ್ಗಿತು, ಮತ್ತೆ ತುಂಬಿತು. "ಹತ್ತಿರ ಹತ್ತಿರ ಇದ್ದಷ್ಟೂ ಹೆಚ್ಚು ಹೊತ್ತು ಕೇಳ್ಬೇಕಾಗ್ತದೆ."

ಇದು ನಮ್ಮ ವಿಷಯದ ಮೊದಲ ಪಾಠ: ಹತ್ತಿರದ ಸ್ವರಗಳನ್ನು ಬಿಡಿಸಿ ನೋಡಲು ಹೆಚ್ಚು ಕಾಲದ ಅಳತೆ ಬೇಕು. ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಬೇಕಾದ್ದು ಕಂಡಿತ್ತಲ್ಲ, ಅಲ್ಲಿಗೇ ನಿಲ್ಲಿಸಿದ್ದೆ.

ನಾಲ್ಕೂ ವರ್ಷದ್ದನ್ನು ಹಾಕಿ ಓಡಿಸಿದೆ. ಎರಡು ರಾತ್ರಿ, ರಸ್ತೆ ಬದಿಯ ಅಂಗಡಿ ಇಚ್ಚನ ಇನ್ವರ್ಟರಿನಲ್ಲಿ, ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು. ಸ್ವರ ಮೂರಾಗಿ ನಿಂತಿತ್ತು. ಅಧ್ಯಾಯ ಹೋಯಿತು, ಜೊತೆಗೆ ಒಂದು ವರ್ಷವೂ. ಗೈಡು ಬೈಯಲಿಲ್ಲ. "ಈಗ ಸರಿ ಕೇಳ್ತಾ ಇದೀಯ" ಅಂದರು ಅಷ್ಟೆ.

ಇಚ್ಚ ಕರೆಂಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಕನ್ನಡ ಶಾಲೆಯ ವಿಜ್ಞಾನ ಮಾಷ್ಟ್ರು ಕಿಟಕಿ ಸರಳಿಗೆ ತೆಂಗಿನ ಹಗ್ಗ ಕಟ್ಟಿ ಅಲ್ಲಾಡಿಸಿ ಆವೃತ್ತಿ ಕಲಿಸಿದವರು. ಎಂಎಸ್ಸಿ ಕ್ಲಾಸಿನಲ್ಲಿ ಫ್ರೀಕ್ವೆನ್ಸಿ ಅಂದಾಗೆಲ್ಲ ನನಗೆ ಕಂಡದ್ದು ಆ ಹಗ್ಗವೇ. ಅಮ್ಮನ ಬಗ್ಗೆ ಬರೆಯಲು ಹೋದರೆ ಇನ್ನೊಂದು ಥೀಸಿಸ್ ಆಗುತ್ತದೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಶನಿವಾರ ಊರಿಗೆ ಬರುತ್ತಿದ್ದೇನೆ. ಅಮ್ಮ ಹಲಸಿನ ಹಣ್ಣಿನ ಕೊಟ್ಟಿಗೆ, ಅದೇ ಕಡುಬು, ಮಾಡುತ್ತಾರಂತೆ. ನಕ್ಷತ್ರ ತಿರುಗಿತಾ ಅಂತ ಕೇಳುವವರು ಜಗಲಿಗೇ ಬಂದು ಕೇಳಿ.