ಚಿತ್ರಶಾಲೆಯ ಚೌಕಟ್ಟು ಬದಲಿಸುವ ಕೆಲಸ ನಿಲ್ಲಿಸಿ: ಆಯುಕ್ತರಿಗೆ ಮತ್ತೊಂದು ಮನವಿ

ಇವರಿಗೆ,
ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ

ವಿಷಯ: ಸಾರ್ವಜನಿಕ ಚಿತ್ರಶಾಲೆಯ ಚಿತ್ರಗಳಿಗೆ ಹೊಸ ಚೌಕಟ್ಟು ಹಾಕುವ ಕೆಲಸವನ್ನು ಕೂಡಲೇ ನಿಲ್ಲಿಸಿ, ಸಂಗ್ರಹವನ್ನು ದಾಖಲಾತಿ ವಹಿಯೊಂದಿಗೆ (ಸಂಗ್ರಹಕ್ಕೆ ಸೇರಿದ ಚಿತ್ರಗಳನ್ನು ಬರೆದಿಡುವ ಪುಸ್ತಕ) ತಾಳೆ ನೋಡಿಸುವ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ಈ ಹಿಂದೆ ಸಲ್ಲಿಸಿದ ಅರ್ಜಿಗಳು (ಸ್ವೀಕೃತಿ ಪ್ರತಿಗಳನ್ನು ಲಗತ್ತಿಸಿದೆ).

ಮಾನ್ಯರೇ,

ದೊಡ್ಡ ಹಾಲ್‌ನ ಚಿತ್ರಗಳನ್ನು ಇಳಿಸಿ, ಹಳೆಯ ಚೌಕಟ್ಟು ಕಿತ್ತು, ಫೈಬರ್ ಪಟ್ಟಿ ಹೊಡೆಯಲಾಗುತ್ತಿದೆ. ಬಿಚ್ಚಿದ ಹಿಂಬದಿ ಹಲಗೆಗಳು ಹಿತ್ತಲಿನ ಕಸದ ರಾಶಿಯಲ್ಲಿ ಬಿದ್ದಿವೆ. ದಾನಿಯ ಹೆಸರು, ವಹಿಯ ಸಂಖ್ಯೆ, ಪ್ರದರ್ಶನಗಳ ಚೀಟಿ, ಚೌಕಟ್ಟು ಕಟ್ಟಿದವರ ಮುದ್ರೆ, ಕೆಲವೆಡೆ ಕಲಾವಿದರದೇ ಕೈಬರಹ ಇದ್ದದ್ದು ಆ ಹಲಗೆಗಳ ಮೇಲೆ. ಚಿತ್ರದ ಬೆನ್ನೇ ಅದರ ಜಾತಕ. ಅದನ್ನು ಕಸಕ್ಕೆ ಹಾಕಿದ ಮೇಲೆ ಗೋಡೆಯ ಮೇಲೆ ಉಳಿಯುವುದು ಯಾರದೋ ಒಂದು ಚಿತ್ರ, ಅಷ್ಟೇ.

ರವಿವರ್ಮ ಮುದ್ರಣಾಲಯದ ಓಲಿಯೋಗ್ರಾಫ್‌ಗಳ (ತೈಲಚಿತ್ರದಂತೆ ಕಾಣುವ ಬಣ್ಣದ ಮುದ್ರಣಗಳ) ಗತಿ ಇನ್ನೂ ಕೆಟ್ಟದ್ದು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಆ ಮುದ್ರಣಾಲಯ ಮುಂದೆ ಲೋಣಾವಳದ ಬಳಿಗೆ ಹೋಯಿತು. ಮುದ್ರಣ ಯಾವ ಕಾಲದ್ದೆಂದು ತಿಳಿಯಲು ದೊಡ್ಡ ಆಧಾರ ಕೆಳಗಿನ ಬಿಳಿ ಅಂಚಿನಲ್ಲಿರುವ ಮುದ್ರಣಾಲಯದ ಹೆಸರು. ಹೊಸ ಚೌಕಟ್ಟಿನ ಅಳತೆಗೆ ಸರಿಹೋಗಲಿಲ್ಲವೆಂದು ಆ ಅಂಚನ್ನೇ ಬ್ಲೇಡಿನಿಂದ ಕತ್ತರಿಸಿದ್ದಾರೆ. ಚಿತ್ರಕ್ಕೆ ಚೌಕಟ್ಟು ಮಾಡುತ್ತಾರೋ, ಚೌಕಟ್ಟಿಗೆ ಚಿತ್ರವನ್ನು ಕತ್ತರಿಸುತ್ತಾರೋ? ಉತ್ತರ ಬೇಕು.

ಮೈಸೂರು ಶೈಲಿಯ ಚಿತ್ರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಾಗಿದೆ. ಅವುಗಳ ಉಬ್ಬು ಕೆಲಸ ಅಂಟಿನಲ್ಲಿ ಕಲಸಿದ ಸಫೇದ ಎಂಬ ಬಿಳಿ ಪುಡಿಯದ್ದು, ಮೇಲೆ ಅಂಟಿಸಿರುವುದು ಚಿನ್ನದ ರೇಕು. ನೀರು ತಾಗಿದರೆ ಅಂಟು ಮೆತ್ತಗಾಗಿ ರೇಕು ಬಟ್ಟೆಗೆ ಹತ್ತಿಕೊಂಡು ಬರುತ್ತದೆ. ಒಣ ಮೃದು ಕುಂಚ ಬಿಟ್ಟು ಬೇರೇನನ್ನೂ ಅಲ್ಲಿ ಮುಟ್ಟಿಸುವಂತಿಲ್ಲ, ರೇಕು ಈಗಾಗಲೇ ಎದ್ದಿದ್ದರೆ ಕುಂಚವನ್ನೂ ಮುಟ್ಟಿಸಬಾರದು.

ಇದನ್ನೆಲ್ಲ ನಾವು ಈಗ ಹೇಳುತ್ತಿಲ್ಲ. ತಾರಸಿಯ ನೀರು ಉತ್ತರದ ಗೋಡೆಗೆ ಇಳಿಯುತ್ತಿದೆ ಎಂದು ಮೊದಲ ಅರ್ಜಿ ಕೊಟ್ಟಾಗ ಅದು ಎಂಜಿನಿಯರಿಂಗ್ ವಿಭಾಗಕ್ಕೆ ಹೋಯಿತು. ಅಲ್ಲಿಂದ ಕಟ್ಟಡ ತಮ್ಮದಲ್ಲ ಎಂಬ ಷರಾ ಬರೆಸಿಕೊಂಡು ವಾಪಸಾಯಿತು. ಮುಂದಿನ ಅರ್ಜಿಗೆ "ಅನುದಾನ ಲಭ್ಯವಿಲ್ಲ". ಅದರ ಮುಂದಿನದಕ್ಕೆ "ಕ್ರಮ ಕೈಗೊಳ್ಳಲಾಗಿದೆ". ಏನು ಕ್ರಮ? ಒದ್ದೆ ಗೋಡೆಯ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರು, ಅದೂ ಚಿತ್ರಗಳನ್ನು ಕೆಳಗಿಳಿಸದೆ. ತೇವ ಹೊರಬರಲಾಗದೆ ಬಣ್ಣ ಗುಳ್ಳೆಯೆದ್ದು, ಗೋಡೆಯ ಉಪ್ಪು ಬೆಳ್ಳಗೆ ಮೇಲೆದ್ದು, ಗಾರೆ ಉದುರಿತು. ಮತ್ತೆ ಅರ್ಜಿ ಕೊಟ್ಟರೆ ಚಿತ್ರಗಳಿಗೆ ಪಾಲಿಥೀನ್ ಹಾಳೆ ಸುತ್ತಿದರು. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬೆಳೆಯತೊಡಗುತ್ತದೆ, ಸುತ್ತಿದ ಹಾಳೆಯೊಳಗೆ ಆ ತೇವ ಇಳಿಯುವುದೇ ಇಲ್ಲ. ಜಲವರ್ಣಗಳ ಮೇಲಿನ ಕಂದು ಚುಕ್ಕೆಗಳು ಇದೇ ಉಪಚಾರದ ಫಲ. ಮಾಹಿತಿ ಹಕ್ಕಿನಡಿ ದಾಖಲಾತಿ ವಹಿಯ ಪ್ರತಿ ಕೇಳಿದಾಗ 30 ದಿನ ಕಳೆದ ಮೇಲೆ ಬಂದದ್ದು ಒಂದು ಸಾಲು: "ಕಡತ ಪತ್ತೆಯಾಗಿಲ್ಲ". 2005ರ ಆ ಕಾಯ್ದೆಯ 4(1)(ಎ) ಕಲಮು ದಾಖಲೆಗಳನ್ನು ಸೂಚಿ ಸಮೇತ ಇಟ್ಟುಕೊಳ್ಳಬೇಕೆನ್ನುತ್ತದೆ. ವಹಿಯೇ ಪತ್ತೆಯಿಲ್ಲದೆ, ಗೋಡೆಯಿಂದ ಇಳಿದ ಚಿತ್ರ ಅದೇ ಗೋಡೆಗೆ ಮರಳಿತೆಂದು ಯಾರು ಹೇಳಬಲ್ಲರು?

ದಾನಿಗಳ ಹೆಸರಿನ ಕಲ್ಲುಫಲಕ ಸುಣ್ಣದಡಿ ಮುಚ್ಚಿಹೋಗಿದೆ. ಅದರ ಮೇಲೆ ಉದ್ಘಾಟಕರ ಫ್ಲೆಕ್ಸ್ ಇದೆ. ಅಂಗಳದ ಕಲ್ಲಿನ ಶಿಲ್ಪಗಳಿಗೆ ಎಣ್ಣೆಬಣ್ಣ ಬಳಿದಿದ್ದಾರೆ. ಹಿಂದಿನ ಕೋಣೆ ಸಭೆಗಳ ಕುರ್ಚಿಗಳ ಗೋದಾಮು. ಗಾಲಿಕುರ್ಚಿಗೆ ಇಳಿಜಾರಿಲ್ಲ, ಶೌಚಾಲಯಕ್ಕೆ ಬೀಗ. ಜಲವರ್ಣ ಮತ್ತು ಮುದ್ರಣಗಳ ಮೇಲೆ ಬೆಳಕು 50 ಲಕ್ಸ್ ಮೀರಬಾರದೆಂದಿದ್ದರೂ ಗೇಣು ದೂರದಲ್ಲಿ ದೀಪ ಉರಿಯುತ್ತದೆ.

ಆದ್ದರಿಂದ ಚೌಕಟ್ಟಿನ ಕೆಲಸ ಇಂದೇ ನಿಲ್ಲಲಿ. ಕಸದಲ್ಲಿರುವ ಹಲಗೆ, ಚೀಟಿ, ಕತ್ತರಿಸಿದ ಅಂಚುಗಳನ್ನು ಆರಿಸಿ, ಯಾವುದು ಯಾವ ಚಿತ್ರದ್ದೆಂದು ಗುರುತಿಸಿ ತೆಗೆದಿಡಬೇಕು. ವಹಿಯನ್ನು ಹುಡುಕಿಸಬೇಕು. ನಿಜಕ್ಕೂ ಇಲ್ಲವಾದರೆ ಪೊಲೀಸ್ ದೂರು ಕೊಟ್ಟು, ಪುಟಸಂಖ್ಯೆಯಿರುವ ಹೊಲಿದ ಪುಸ್ತಕದಲ್ಲಿ ಹೊಸದಾಗಿ ಬರೆಸಬೇಕು: ಸೇರಿದ ವರ್ಷ, ಕ್ರಮಸಂಖ್ಯೆ, ಕಲಾವಿದ, ಮಾಧ್ಯಮ, ಸೆಂಟಿಮೀಟರ್ ಅಳತೆ, ಬಂದ ಮೂಲ, ಈಗಿನ ಸ್ಥಿತಿ, ಮುಂಬದಿ ಹಿಂಬದಿ ಎರಡರ ಫೋಟೊ. ಸಂಖ್ಯೆಯನ್ನು ಕ್ಯಾನ್ವಾಸಿನ ಮೇಲೆ ಬಾಲ್‌ಪೆನ್ನಿನಲ್ಲಿ ಗೀಚದೆ, ಒಳಚೌಕಟ್ಟಿನ ಮರದ ಮೇಲೆ ಪೆನ್ಸಿಲಿನಲ್ಲಿ ಬರೆಯಲಿ. ನೂರು ವರ್ಷ ದಾಟಿದ ಚಿತ್ರಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪುರಾವಸ್ತುಗಳು, ಅವನ್ನು ಬೇರೆಯಾಗಿ ಗುರುತಿಸಬೇಕು. ತಾರಸಿಯ ಬಿರುಕು, ಕಟ್ಟಿಕೊಂಡ ಮಳೆನೀರಿನ ಕೊಳವೆ ಮೊದಲು ಸರಿಯಾಗಲಿ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ, ಆಮೇಲೆ ಚಿತ್ರ, ಅದೂ ಹಿಂದೆ ಗಾಳಿಯಾಡಲು ಒಂದಿಂಚು ಜಾಗ ಬಿಟ್ಟು. ಆ ಗೋಡೆಗೆ ಕಾಗದದ ಚಿತ್ರಗಳು ಮತ್ತೆ ಬರುವುದು ಬೇಡ. ಹಾಳಾದವುಗಳ ಉಪಚಾರ ತರಬೇತಿ ಪಡೆದ ಸಂರಕ್ಷಕರ ಕೈಯಲ್ಲಿ ಮಾತ್ರ ಆಗಲಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. "ಪರಿಶೀಲಿಸಲಾಗುವುದು" ಎಂಬ ಪತ್ರ ನಮ್ಮಲ್ಲಿ ಸಾಕಷ್ಟಿದೆ, ಇನ್ನೊಂದು ಬೇಡ.

ಇಂತಿ,
ಚಿತ್ರಶಾಲೆ ವಾರ್ಡಿನ ನಿವಾಸಿಗಳು
(ಸಹಿಗಳು, ಫೋಟೊಗಳು ಲಗತ್ತು)