ಕ್ರ್ಯಾಂಕ್‌ಬೇಟ್‌ಗೆ ಬಿಗಿ ಕೋಲು ಒಗ್ಗದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಹವ್ಯಾಸ ಪುಟದಲ್ಲಿ ಕಳೆದ ವಾರ ಪ್ರಕಟವಾದ ಗಾಳದ ಮೀನುಗಾರಿಕೆಯ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಾಸ್ ಮೀನಿನ ಸ್ವಭಾವದ ಬಗ್ಗೆ ಅದರಲ್ಲಿ ಹೇಳಿರುವುದೆಲ್ಲ ಸರಿಯಾಗಿಯೇ ಇದೆ. ಆದರೆ ಕ್ರ್ಯಾಂಕ್‌ಬೇಟ್ ಎಂಬ ಹುಸಿ ಮೀನಿನ ಎರೆಗೆ ಬಿದ್ದ ಮೀನು ಕೈಸೇರುವ ಮೊದಲೇ ಕಳಚಿಕೊಳ್ಳುತ್ತಿದ್ದರೆ ಇನ್ನಷ್ಟು ಬಿಗಿಯಾದ ಕೋಲು ಹಿಡಿದು, ಕಚ್ಚಿದ ಕ್ಷಣವೇ ಬಲವಾಗಿ ಜಗ್ಗಬೇಕು ಎಂಬ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ವರ್ಷಗಟ್ಟಲೆ ಹಾಗೆಯೇ ಮಾಡಿ, ದೋಣಿಯ ಅಂಚಿನವರೆಗೆ ಬಂದ ಮೀನುಗಳನ್ನು ಕಳೆದುಕೊಂಡವನು ನಾನು. ಆ ಅನುಭವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಎರೆಹುಳುವಿನಂತೆ ಕಾಣುವ ಮೆತ್ತನೆಯ ಪ್ಲಾಸ್ಟಿಕ್ ಎರೆಯಲ್ಲಿ ಸಾಮಾನ್ಯವಾಗಿ ದಪ್ಪ ತಂತಿಯ ಒಂದೇ ಕೊಕ್ಕೆ ಇರುತ್ತದೆ. ಅದರ ಮೊನೆ ಎರೆಯ ಮೈಯೊಳಗೆ ಅಡಗಿದ್ದು, ಅದನ್ನು ಸೀಳಿಕೊಂಡು ಹೊರಬಂದು ಮೀನಿನ ದವಡೆಯನ್ನು ಚುಚ್ಚಬೇಕಾದ್ದರಿಂದ ಅಲ್ಲಿ ಬಿಗಿ ಕೋಲೂ ಬೇಕು, ರಟ್ಟೆಯ ಬಲವೂ ಬೇಕು. ಕ್ರ್ಯಾಂಕ್‌ಬೇಟ್‌ನ ಕತೆ ಬೇರೆ. ಮರದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಮಾಡಿದ ಈ ಹುಸಿ ಮೀನಿನ ಮೂತಿಯಿಂದ ನಾಲಗೆಯಂಥ ಪಟ್ಟಿಯೊಂದು ಚಾಚಿಕೊಂಡಿರುತ್ತದೆ; ರೀಲು ಸುತ್ತಿದಂತೆ ನೀರು ಆ ನಾಲಗೆಯನ್ನು ಒತ್ತುವುದರಿಂದ ಎರೆ ಅತ್ತಿತ್ತ ಒಲೆಯುತ್ತ ಆಳಕ್ಕಿಳಿಯುತ್ತದೆ. ಅದರ ಹೊಟ್ಟೆಯಡಿ ಒಂದು, ಬಾಲದಲ್ಲೊಂದು ಟ್ರೆಬಲ್, ಅಂದರೆ ಮೂರು ಕವಲಿನ ಸಣ್ಣ ಕೊಕ್ಕೆ, ಯಾವ ಮರೆಯೂ ಇಲ್ಲದೆ ತೂಗಾಡುತ್ತಿರುತ್ತದೆ. ಬಾಸ್ ತನ್ನ ಬೇಟೆಯನ್ನು ಕಡಿಯುವುದಕ್ಕಿಂತ ಹೆಚ್ಚಾಗಿ ಹೀರುತ್ತದೆ. ಬಾಯಿಯನ್ನೂ ಕಿವಿರಿನ ಮುಚ್ಚಳಗಳನ್ನೂ ಒಮ್ಮೆಲೇ ಅಗಲಿಸಿ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಒಗ್ಗದ್ದು ಎನಿಸಿದರೆ ಅಷ್ಟೇ ಚುರುಕಾಗಿ ಉಗುಳಿಬಿಡುತ್ತದೆ. ಆ ಗಳಿಗೆಯಲ್ಲಿ ಕೋಲು ತುಸುವೂ ಬಾಗಿಕೊಡದೆ ನಿಂತರೆ, ಸುತ್ತುತ್ತಲೇ ಇರುವ ದಾರ ಎರೆಯನ್ನು ಬಾಯಿಂದ ಮುಂದಕ್ಕೆ ಕಿತ್ತುಕೊಳ್ಳುತ್ತದೆ. ಒಳಗೆ ನೆಡಬೇಕಾದ ಕೊಕ್ಕೆ ತುಟಿಯಂಚಿನ ತೆಳು ಪೊರೆಗೆ ಸಿಕ್ಕಿಕೊಳ್ಳುವುದು ಹೀಗೆ.

ಕೋಲು ಕೊಳ್ಳುವಾಗ ಅದರ ಕಸುವನ್ನೂ ಅದು ಬಾಗುವ ಬಗೆಯನ್ನೂ ಬೇರೆ ಬೇರೆಯಾಗಿ ನೋಡಬೇಕು. ಬಹಳ ಜನ ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುತ್ತಾರೆ. ಮೀಡಿಯಂ ಹೆವಿ ಎಂದು ಬರೆದಿರುವುದು ಕಸುವಿನ ಅಳತೆ. ಫಾಸ್ಟ್ ಎಂದರೆ ತುದಿಯ ಭಾಗ ಮಾತ್ರ ಬಾಗುವ ಕೋಲು, ಮಾಡರೇಟ್ ಎಂದರೆ ನಡುವಿನವರೆಗೂ ಬಿಲ್ಲಿನಂತೆ ಬಾಗುವ ಕೋಲು. ಕ್ರ್ಯಾಂಕ್‌ಬೇಟ್‌ಗೆ ಬೇಕಾದದ್ದು ಸಾಕಷ್ಟು ಕಸುವಿದ್ದೂ ನಡುವಿನವರೆಗೆ ಬಾಗುವಂಥದ್ದು. ಫೈಬರ್‌ಗ್ಲಾಸಿನ ಕೋಲು ಈ ಗುಣವನ್ನು ಹುಟ್ಟಿನಿಂದಲೇ ಪಡೆದಿದೆ. 1970ರ ದಶಕದಲ್ಲಿ ಗ್ರಾಫೈಟ್ ಕೋಲುಗಳು ಬಂದಾಗ ಅವುಗಳ ಹಗುರತನಕ್ಕೂ ಸೂಕ್ಷ್ಮತೆಗೂ ಮರುಳಾಗಿ ಗ್ಲಾಸಿನ ಕೋಲನ್ನು ಮೂಲೆಗೆಸೆದವರು ಅನೇಕರು. ಆದರೆ ಅಮೆರಿಕದ ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯವನ್ನು ನಾಲ್ಕು ಬಾರಿ ಗೆದ್ದ ರಿಕ್ ಕ್ಲನ್ ಮತ್ತು 1993ರಲ್ಲಿ ಅದನ್ನು ಗೆದ್ದ ಡೇವಿಡ್ ಫ್ರಿಟ್ಸ್ ಅವರಂಥ ಕ್ರ್ಯಾಂಕ್‌ಬೇಟ್ ನಿಪುಣರು ಗ್ಲಾಸಿನ ಕೋಲಿನ ಪರವಾಗಿಯೇ ನಿಂತವರು. ಗ್ಲಾಸ್ ಭಾರ ಎನಿಸುವವರಿಗೆ ಎರಡನ್ನೂ ಬೆರೆಸಿ ಮಾಡಿದ ಕಾಂಪೊಸಿಟ್ ಕೋಲುಗಳಿವೆ. ಉದ್ದದ ಮಾತು ಹೇಳುವುದಾದರೆ, ಕೊರಡು ಪೊದೆಗಳ ನಡುವೆ ಚೌಕ ನಾಲಗೆಯ ಎರೆಯನ್ನು ಗುರಿಯಿಟ್ಟು ಎಸೆಯಲು ಆರೂವರೆಯಿಂದ ಏಳು ಅಡಿ ಸಾಕು. ಆಳಕ್ಕಿಳಿಯುವ ದೊಡ್ಡ ಎರೆಯನ್ನು ದೂರ ಎಸೆಯಬೇಕಾದರೆ ಏಳೂವರೆ ಅಡಿಗೆ ಕಡಿಮೆಯಿಲ್ಲದ್ದು ಬೇಕು.

ನನ್ನ ಕಣ್ಣು ತೆರೆಸಿದ್ದು ಒಂದು ಬೆಳಗಿನ ಪ್ರಸಂಗ. ಬಿಗಿಯಾದ ಗ್ರಾಫೈಟ್ ಕೋಲಿನಲ್ಲಿ ಒಳ್ಳೆಯ ಗಾತ್ರದ ಬಾಸ್ ಒಂದನ್ನು ದೋಣಿಯಿಂದ ಎರಡು ಮಾರು ದೂರದವರೆಗೆ ತಂದಿದ್ದೆ. ಅದು ಮೇಲೆ ನೆಗೆದು, ಬಾಯಿ ಅಗಲಿಸಿ ತಲೆ ಕೊಡವಿದ್ದೇ ತಡ, ಎರೆ ಹಾರಿಬಂದು ನನ್ನ ಮೊಣಕಾಲಿನ ಪಕ್ಕದ ಹಲಗೆಗೆ ಬಡಿಯಿತು. ಎತ್ತಿ ನೋಡಿದರೆ ಬಾಲದ ಟ್ರೆಬಲ್‌ನ ಒಂದು ಕವಲು ಗುಂಡುಸೂಜಿಯಂತೆ ನೆಟ್ಟಗಾಗಿತ್ತು, ಇನ್ನೊಂದರ ಮೊನೆಗೆ ಕಾಗದದಷ್ಟು ತೆಳುವಾದ ಪೊರೆಯ ಚೂರು ಅಂಟಿಕೊಂಡಿತ್ತು. ಕೊಕ್ಕೆ ಕಳಪೆಯೆಂದು ಬೈದು ಇನ್ನೂ ದಪ್ಪ ತಂತಿಯದನ್ನು ಹಾಕಿದೆ. ಆಮೇಲೆ ಕೊಕ್ಕೆ ನೆಟ್ಟಗಾಗಲಿಲ್ಲ ನಿಜ, ಆದರೆ ಪೊರೆ ಹರಿಯುವುದೇನೂ ನಿಲ್ಲಲಿಲ್ಲ. ತಪ್ಪು ಕೊಕ್ಕೆಯೊಂದರದೇ ಅಲ್ಲ, ಕೊಕ್ಕೆಗೂ ಕೋಲಿಗೂ ಹೊಂದಿಕೆ ಇಲ್ಲದ್ದರದು ಎಂದು ಅರ್ಥವಾಗಲು ನನಗೆ ಇನ್ನೊಂದು ಇಡೀ ಋತು ಹಿಡಿಯಿತು. ತೆಳು ತಂತಿಯ ಕೊಕ್ಕೆ ಸ್ವಲ್ಪ ಒತ್ತಡಕ್ಕೇ ನೆಡುತ್ತದೆ, ಬಾಗುವ ಕೋಲು ಅದನ್ನು ನೆಟ್ಟಗಾಗದಂತೆ ಕಾಯುತ್ತದೆ. ಅದೇ ಮೆದು ಕೋಲಿಗೆ ದಪ್ಪ ತಂತಿಯ ಕೊಕ್ಕೆ ಕಟ್ಟಿದರೆ ಮೊನೆಯ ಹಿಂದಿರುವ ಮುಳ್ಳು ದಾಟುವಷ್ಟು ಆಳಕ್ಕೆ ಅದು ಹೋಗುವುದೇ ಇಲ್ಲ.

ಕೊಕ್ಕೆಯ ಅಂಕಿಗಳು ಹೊಸಬರನ್ನು ಗಲಿಬಿಲಿಗೊಳಿಸುತ್ತವೆ. 6ಕ್ಕಿಂತ 4 ದೊಡ್ಡದು, 4ಕ್ಕಿಂತ 2 ದೊಡ್ಡದು. 1 ದಾಟಿದ ಮೇಲೆ 1/0, 2/0 ಎಂದು ಅಂಕಿ ಏರಿದಂತೆ ಗಾತ್ರವೂ ಏರುತ್ತದೆ. ಎರೆಯೊಂದಿಗೆ ಬಂದ ಕೊಕ್ಕೆಯನ್ನು ಒಂದು ಅಳತೆ ಹಿಗ್ಗಿಸಿದರೆ ಬಹಳಷ್ಟು ಸಲ ಲಾಭವೇ. ಆದರೆ ಹೊಟ್ಟೆಯ ಕೊಕ್ಕೆ ಹಿಂದಕ್ಕೂ ಬಾಲದ ಕೊಕ್ಕೆ ಮುಂದಕ್ಕೂ ತೂಗಿದಾಗ ಒಂದಕ್ಕೊಂದು ಸಿಕ್ಕಿಕೊಳ್ಳಬಾರದು. ಕಾಂಡ ಗಿಡ್ಡವಾಗಿದ್ದು ಬಾಯಿ ಅಗಲವಾಗಿರುವ ಕೊಕ್ಕೆಗಳಿಗೆ ಬೆಲೆ ಬಂದಿರುವುದು ಇದಕ್ಕಾಗಿಯೇ. ನೀರಿನ ನಡುವೆ ತೇಲಿ ನಿಲ್ಲುವಂತೆ ಮಾಡಿದ ಎರೆಯಾದರೆ ಕೊಕ್ಕೆ ಬದಲಿಸಿದ ಮೇಲೆ ಒಂದು ಬಕೆಟ್ ನೀರಿನಲ್ಲಿ ಬಿಟ್ಟು ನೋಡಬೇಕು; ಗ್ರಾಮಿಗಿಂತ ಕಡಿಮೆ ಹೆಚ್ಚುವರಿ ತೂಕಕ್ಕೇ ಅದು ತಳಕ್ಕಿಳಿದದ್ದನ್ನು ಕಂಡಿದ್ದೇನೆ. ದುಂಡು ಬಾಗಿನದೋ ಮೊನೆ ಒಳಮುಖವಾಗಿ ವಾಲಿರುವುದೋ ಎಂಬ ವಾದ ಬಲ್ಲವರಲ್ಲಿ ಇಂದಿಗೂ ಮುಗಿದಿಲ್ಲ. ಮೊದಲನೆಯದು ಸುಲಭವಾಗಿ ನೆಡುತ್ತದೆ, ಎರಡನೆಯದು ನೆಟ್ಟ ಮೇಲೆ ಸುಲಭವಾಗಿ ಬಿಡುವುದಿಲ್ಲ. ಮೆದು ಕೋಲಿಗೆ ನಾನು ದುಂಡು ಬಾಗಿನದನ್ನೇ ಆರಿಸುತ್ತೇನೆ.

ಯಾವುದನ್ನೇ ಆರಿಸಿದರೂ ಅದು ಚೂಪಾಗಿರಬೇಕು. ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಎಳೆದಾಗ ಅದು ಕಚ್ಚಿ ನಿಂತರೆ ಚೂಪು, ಗೆರೆಯೂ ಮೂಡದೆ ಜಾರಿದರೆ ಮೊಂಡು. ಕ್ರ್ಯಾಂಕ್‌ಬೇಟ್ ಕಲ್ಲು ಕೊರಡುಗಳಿಗೆ ಬಡಿಯುತ್ತಲೇ ಸಾಗುವ ಎರೆಯಾದ್ದರಿಂದ, ಬೆಳಿಗ್ಗೆ ಕಚ್ಚಿ ನಿಂತ ಮೊನೆ ಮಧ್ಯಾಹ್ನಕ್ಕೆ ಜಾರುವುದು ಅಪರೂಪವಲ್ಲ. ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು.

ನಾಲಗೆಯಿಲ್ಲದ ಕ್ರ್ಯಾಂಕ್‌ಬೇಟ್ ಎಂಬ ಬಗೆಯೂ ಇದೆ, ಅದಕ್ಕೆ ಇನ್ನೊಂದು ತೊಡಕಿದೆ. ಅದು ಗಾತ್ರಕ್ಕೆ ಮೀರಿ ಭಾರವಾಗಿರುವುದರಿಂದ ಮೀನು ತಲೆ ಕೊಡವಿದಾಗ ಎರೆಯ ತೂಕವೇ ಸನ್ನೆಕೋಲಿನಂತೆ ಕೆಲಸ ಮಾಡಿ ಕೊಕ್ಕೆಯನ್ನು ಕಳಚುತ್ತದೆ. ಇಲ್ಲಿ ಕೋಲಿನ ತುದಿಯನ್ನು ನೀರಿಗೆ ತಾಗುವಷ್ಟು ತಗ್ಗಿಸಿ ಹಿಡಿದು, ಮೀನು ಮೇಲೆ ನೆಗೆಯದಂತೆ ನೋಡಿಕೊಳ್ಳುವುದೇ ದಾರಿ.

ದಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೆಣೆದ ದಾರ ಹಿಗ್ಗುವುದಿಲ್ಲವೆನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಬಿಗಿ ಕೋಲಿನೊಂದಿಗೆ ಅದನ್ನು ಕೂಡಿಸುವುದೆಂದರೆ ಪೊರೆ ಹರಿಯಲು ನಾವೇ ಅನುಕೂಲ ಮಾಡಿಕೊಟ್ಟಂತೆ. ಹತ್ತರಿಂದ ಹನ್ನೆರಡು ಪೌಂಡಿನ ಎಳೆತ ತಾಳುವ ಫ್ಲೋರೋಕಾರ್ಬನ್ ದಾರ ಸಾಕು. ಮೀನು ಹಿಡಿದದ್ದು ಕೈಗೆ ತಿಳಿದಾಗ ಜಗ್ಗಬೇಡಿ; ಸುತ್ತುವುದನ್ನು ನಿಲ್ಲಿಸದೆ, ಕೋಲಿಗೆ ಮೀನಿನ ಭಾರ ಬಿದ್ದ ಮೇಲೆ ಅದನ್ನು ಪಕ್ಕಕ್ಕೆ ಎಳೆದರೆ ಸಾಕು. ಮೀನು ದೋಣಿಯ ಹತ್ತಿರ ಬಂದಾಗ ರೀಲಿನ ಡ್ರ್ಯಾಗನ್ನು, ಅಂದರೆ ದಾರ ಹೊರಹೋಗುವುದನ್ನು ತಡೆಯುವ ಬಿಗಿಯನ್ನು, ತುಸು ಸಡಿಲಿಸಬೇಕು, ಏಕೆಂದರೆ ಹೊರಗಿರುವ ದಾರ ಗಿಡ್ಡವಾದಷ್ಟೂ ಅದರ ಕೊನೆಯ ಓಟದ ಹೊಡೆತವೆಲ್ಲ ಕೊಕ್ಕೆಯ ಮೇಲೆಯೇ ಬೀಳುತ್ತದೆ.

ಲೇಖನದ ಜೊತೆಗಿನ ಚಿತ್ರದಲ್ಲಿ ಕೆಳದವಡೆಗೆ ಹೆಬ್ಬೆರಳು ತೂರಿಸಿ ಮೀನನ್ನು ಎತ್ತುವುದನ್ನು ತೋರಿಸಲಾಗಿದೆ. ಒಂಟಿ ಕೊಕ್ಕೆಗೆ ಅದು ನಡೆಯುತ್ತದೆ. ಕ್ರ್ಯಾಂಕ್‌ಬೇಟ್‌ನಲ್ಲಿ ಮೀನಿನ ಬಾಯಿಗೆ ಸಿಕ್ಕದ ನಾಲ್ಕೈದು ಮೊನೆಗಳು ಹೊರಗೇ ಇರುತ್ತವೆ, ಮೀನು ಒಮ್ಮೆ ಒದ್ದಾಡಿದರೆ ಅವು ಬೆರಳಿಗೇ ಇಳಿಯುತ್ತವೆ. ಇಂಥಲ್ಲಿ ಕೈಬಲೆಯಿಂದ ಎತ್ತಿ, ಮೂತಿ ಉದ್ದದ ಇಕ್ಕಳದಿಂದ ಕೊಕ್ಕೆ ಬಿಡಿಸಬೇಕೆಂಬ ಒಂದು ಸಾಲನ್ನು ಮುಂದಿನ ಸಂಚಿಕೆಯಲ್ಲಿ ತಾವು ಸೇರಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಗಾಳಗಾರ